ಹೆಂಡತಿ ತೋರಿಸಬೇಕಿದ್ದ ಎರಡನೆಯ ತಪ್ಪು

ಕನ್ನಡ ಬೈಬಲ್ಲಿನ ‘ನಂಬಿಗಸ್ತ’ ಎಂಬ ಪದ ನನಗೆ ಬಹಳ ಇಷ್ಟ. ದೇವರಿಗೂ ಆಳಿಗೂ ಗಂಡನಿಗೂ ಹೆಂಡತಿಗೂ ಅದು ಸಲ್ಲುತ್ತದೆ. ‘ಪತಿವ್ರತೆ’ಗೆ ಜೋಡಿಯಾಗುವ ಗಂಡುಪದವನ್ನು ನಾವು ಮಾತಿನಲ್ಲಿ ಬಳಸುವುದೇ ಇಲ್ಲ, ಈ ಪದಕ್ಕೆ ಆ ಕೊರತೆಯಿಲ್ಲ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು, ಹೆಂಡತಿಯನ್ನು ಬಿಟ್ಟು ಬೇರೊಬ್ಬಳನ್ನು ಕಟ್ಟಿಕೊಳ್ಳುವ ಗಂಡನನ್ನೂ ಗಂಡನನ್ನು ಬಿಟ್ಟು ಬೇರೊಬ್ಬನನ್ನು ಕಟ್ಟಿಕೊಳ್ಳುವ ಹೆಂಡತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾನೆ. ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರವಿದೆ ಎಂದು ಪೌಲ ಕೊರಿಂಥದವರಿಗೆ ಬರೆದ. ಒಂದನೆಯ ಶತಮಾನದಲ್ಲಿ ಅದು ಸಣ್ಣ ಮಾತಲ್ಲ.

ಕ್ರೈಸ್ತರಿಗಾಗಿ ಬ್ರಿಟಿಷರು ತಂದ 1869ರ ಭಾರತೀಯ ವಿಚ್ಛೇದನ ಕಾಯ್ದೆ ಮಾತ್ರ ಎರಡು ತಕ್ಕಡಿ ಇಟ್ಟುಕೊಂಡಿತ್ತು. ಅದರ 10ನೇ ಕಲಮಿನ ಪ್ರಕಾರ, ಹೆಂಡತಿ ವ್ಯಭಿಚಾರ ಮಾಡಿದಳೆಂದು ರುಜುವಾತಾದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಅವನ ಕ್ರೌರ್ಯವನ್ನೋ ಎರಡು ವರ್ಷ ತನ್ನನ್ನು ತೊರೆದದ್ದನ್ನೋ ತೋರಿಸಬೇಕು. ಇಲ್ಲವೇ ಅವನು ಇನ್ನೊಂದು ಮದುವೆಯಾಗಿರಬೇಕು, ರಕ್ತಸಂಬಂಧದಲ್ಲೇ ತಪ್ಪಿರಬೇಕು, ಅತ್ಯಾಚಾರ ಮಾಡಿರಬೇಕು. ಗಂಡ ಬೇರೊಬ್ಬಳ ಮನೆಗೆ ಹೋಗಿಬಂದು, ಹೊಡೆಯದೆ ಬಡಿಯದೆ, ತಿಂಗಳಿಗಿಷ್ಟು ದುಡ್ಡು ಕೊಡುತ್ತಿದ್ದರೆ ಕಾನೂನಿನ ಕಣ್ಣಿಗೆ ಸಂಸಾರ ಸರಿಯಾಗಿಯೇ ಇತ್ತು. 34ನೇ ಕಲಮು ಇನ್ನೂ ವಿಚಿತ್ರ: ಹೆಂಡತಿಯೊಡನೆ ಕೂಡಿದ ಗಂಡಸಿನಿಂದ ಗಂಡ ನಷ್ಟಪರಿಹಾರ ಕೇಳಬಹುದಿತ್ತು. ದನ ಹೊಲಕ್ಕೆ ನುಗ್ಗಿ ಪೈರು ಮೇಯ್ದರೆ ಕೇಳುವ ಹಾಗೆ!

ಇದರ ಮೂಲ ಇಂಗ್ಲೆಂಡಿನ 1857ರ ಕಾಯ್ದೆ. ಗಂಡನ ತಪ್ಪನ್ನು ಹೆಂಡತಿ ಮನ್ನಿಸಿದರೆ ಅವಳ ಮಾನಕ್ಕೆ ಕುಂದಿಲ್ಲ, ಹೆಂಡತಿಯ ತಪ್ಪನ್ನು ಗಂಡ ಮನ್ನಿಸಲಾರ ಎಂಬ ಧಾಟಿಯಲ್ಲಿ ಅಲ್ಲಿನ ಲಾರ್ಡ್ ಚಾನ್ಸಲರ್ ಕ್ರಾನ್‌ವರ್ತ್ ವಾದಿಸಿದ್ದರು. ಆಸ್ತಿಗೆ ಹುಟ್ಟುವ ವಾರಸುದಾರನ ಚಿಂತೆಯೂ ಆ ಚರ್ಚೆಯಲ್ಲಿತ್ತು. ಸುವಾರ್ತೆಯಲ್ಲಿ ಇಂಥ ಲೆಕ್ಕವನ್ನು ನಾನಂತೂ ಕಂಡಿಲ್ಲ. 1923ರಲ್ಲಿ ಇಂಗ್ಲೆಂಡ್ ಈ ತಾರತಮ್ಯವನ್ನು ಕೈಬಿಟ್ಟಿತು. ನಮ್ಮಲ್ಲಿ ಅದು ಇನ್ನೂ 78 ವರ್ಷ ಉಳಿಯಿತು.

ಕೋಲಾರದಲ್ಲಿ 1877ರ ಸುಮಾರಿನ ಬರಗಾಲದಲ್ಲಿ ಮಿಸ್ ಆನ್‌ಸ್ಟಿ ಅನಾಥ ಮಕ್ಕಳನ್ನು ಸಾಕಿದರು. 1890ರಲ್ಲಿ ಆ ಕೆಲಸ ಅಮೆರಿಕನ್ ಮೆಥಡಿಸ್ಟರ ಕೈಸೇರಿತು. ಜಿಲ್ಲೆಯ ಕ್ರೈಸ್ತ ಸಮುದಾಯದ ಕಥೆಯಲ್ಲಿ ಅದೊಂದು ದೊಡ್ಡ ಅಧ್ಯಾಯ. ಚರ್ಚಿನಲ್ಲಿ ವರನೂ ವಧುವೂ ಸಾಯುವತನಕ ಬಿಡೆವೆಂದು ಒಂದೇ ಮಾತು ಕೊಡುತ್ತಾರೆ. ಆ ಮಾತು ಮುರಿದಾಗ ಏನಾಗುತ್ತಿತ್ತು?

ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಗಡಿಯೂರು ನಮ್ಮ ರಾಯಲ್ಪಾಡು. 1970ರ ದಶಕದಲ್ಲಿ ಅಲ್ಲಿಂದ ಒಬ್ಬ ಕ್ರೈಸ್ತ ಹೆಣ್ಣುಮಗಳು ಹೊರಟಳೆಂದುಕೊಳ್ಳಿ. ಶ್ರೀನಿವಾಸಪುರ ದಾಟಿ ಕೋಲಾರದ ಜಿಲ್ಲಾ ನ್ಯಾಯಾಲಯ ಮುಟ್ಟಬೇಕು. ಎರಡೆರಡು ತಪ್ಪು ರುಜುವಾತು ಮಾಡಿ ಗೆದ್ದರೂ ಮುಗಿಯಲಿಲ್ಲ: ಕನಿಷ್ಠ ಆರು ತಿಂಗಳು ಕಾದು, ಬೆಂಗಳೂರಿನ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಸ್ಥಿರೀಕರಿಸಬೇಕಿತ್ತು. ಅದೇ ಬೀದಿಯ ಹಿಂದೂ ನೆರೆಯವಳಿಗೆ 1955ರ ಕಾಯ್ದೆಯಲ್ಲಿ ವ್ಯಭಿಚಾರದ ಆಧಾರ ಗಂಡನಿಗಿದ್ದಂತೆಯೇ ಇತ್ತು. ಕ್ಯಾಥೊಲಿಕ್ ಆಗಿದ್ದರೆ ಕೋರ್ಟಿನ ಆಚೆಗೆ ಸಭೆಯ ಬಾಗಿಲೂ ಇತ್ತು. ಅಲ್ಲಿ ವಿಚ್ಛೇದನಕ್ಕೆ ಮಾನ್ಯತೆಯೇ ಇಲ್ಲ.

1983ರಲ್ಲಿ ಕಾನೂನು ಆಯೋಗ ತನ್ನ 90ನೇ ವರದಿಯಲ್ಲಿ ಈ 10ನೇ ಕಲಮನ್ನೇ ಕೈಗೆತ್ತಿಕೊಂಡಿತು. ಅಲ್ಪಸಂಖ್ಯಾತರ ವೈಯಕ್ತಿಕ ಕಾನೂನಿಗೆ ಕೈಹಾಕಲು ಸರ್ಕಾರಗಳು ಹಿಂಜರಿದವು. ಆ ಹಿಂಜರಿಕೆಯ ಬೆಲೆ ತೆತ್ತವರು ಅದೇ ಅಲ್ಪಸಂಖ್ಯಾತರ ಹೆಂಗಸರು. 1995ರಲ್ಲಿ ಅಮ್ಮಿಣಿ ಪ್ರಕರಣದಲ್ಲಿ ಕೇರಳ ಹೈಕೋರ್ಟ್ ಜೋಡಿ ತಪ್ಪಿನ ಷರತ್ತನ್ನು ಹೊಡೆದುಹಾಕಿತು. 1997ರಲ್ಲಿ ಬಾಂಬೆ ಹೈಕೋರ್ಟ್ ಕೂಡ. ಸಂಸತ್ತು ಎಚ್ಚೆತ್ತದ್ದು 2001ರಲ್ಲಿ. ಆ ವರ್ಷದ ತಿದ್ದುಪಡಿಯಿಂದ ಗಂಡಹೆಂಡಿರಿಗೆ ಒಂದೇ ಆಧಾರ ಬಂತು, ಹೈಕೋರ್ಟಿನ ಸ್ಥಿರೀಕರಣ ಹೋಯಿತು, 34ನೇ ಕಲಮೂ ಹೋಯಿತು.

ಸಂಶೋಧಕಿಯಾಗಿ ನನಗೆ ಸಿಗುವುದು ಕೋರ್ಟಿಗೆ ಹೋದವರ ಕಡತಗಳು. ‘ಅವನು ಹೊಡೀತಾನೇನಮ್ಮಾ?’ ಎಂದು ವಕೀಲರು ಕೇಳಿದಾಗ ‘ಇಲ್ಲ’ ಎಂದು ಸತ್ಯ ನುಡಿದು ಮುಂದಿನ ಬಸ್ಸಿಗೆ ಊರಿಗೆ ಮರಳಿದವರು ಯಾವ ಕಡತದಲ್ಲೂ ಇರುವುದಿಲ್ಲ.