ಓಡುವ ಕುದುರೆ, ನೋಡುವ ಕಣ್ಣು

ಹಚ್ಚೊಳ್ಳಿ, ಸಿರುಗುಪ್ಪ, ಕುರುಗೋಡುಗಳ ಕಡೆಯ ವಯಸ್ಸಾದವರು ಯಾರಾದರೂ ಸಿಕ್ಕರೆ ಒಂದು ಮಾತು ಕೇಳಿ ನೋಡಿ: ಚಿಕ್ಕಂದಿನಲ್ಲಿ ತೊಗಲುಗೊಂಬೆಯಾಟ ನೋಡಿದ್ದಿರಾ? ಹೌದೆನ್ನುವವರು ಇನ್ನೂ ಸಿಕ್ಕಾರು. ಮಳೆ ತಡೆದ ವರ್ಷ ಊರವರೆಲ್ಲ ಸೇರಿ ಗೊಂಬೆಯಾಟ ಆಡಿಸುವುದು ಕನ್ನಡ ನಾಡಿನ ಹಳೆಯ ವಾಡಿಕೆ. ಬಯಲಿನಲ್ಲಿ ಬಿಳಿಯ ಪರದೆ. ಅದರ ಹಿಂದೆ ಹರಳೆಣ್ಣೆಯ ದೀಪ. ದೀಪಕ್ಕೂ ಪರದೆಗೂ ನಡುವೆ ಬಣ್ಣ ಹಚ್ಚಿದ ತೊಗಲು. ಮದ್ದಳೆ ಬಿರುಸಾಯಿತೆಂದರೆ ಅರ್ಜುನನ ರಥ ಬಂತೆಂದೇ ಅರ್ಥ. ತೂಕಡಿಸುತ್ತಿದ್ದ ಹುಡುಗರೂ ಎದ್ದು ಕೂರುವರು.

ಆದರೆ ಆ ಗೊಂಬೆಯನ್ನು ಹಗಲಿನಲ್ಲಿ ಕೈಗೆ ತೆಗೆದುಕೊಂಡು ನೋಡಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ರಥ, ಸಾರಥಿ, ಬಿಲ್ಲು ಹಿಡಿದ ವೀರ, ಕುದುರೆ ಎಲ್ಲವೂ ಒಂದೇ ತೊಗಲು. ಕುದುರೆಯ ಕಾಲಿಗೆ ಕೀಲಿಲ್ಲ, ಕುತ್ತಿಗೆಗೆ ದಾರವಿಲ್ಲ. ಅದು ಅಲುಗಾಡಲಾರದು. ಹಾಗಿದ್ದರೆ ರಾತ್ರಿಯೆಲ್ಲ ಓಡಿದ್ದು ಯಾವುದು? ಕಿಳ್ಳೇಕ್ಯಾತನ ಕೈ ಓಡಿತು, ದೀಪದ ಕುಡಿ ತೊನೆಯಿತು, ಮದ್ದಳೆ ಗೊರಸಿನ ಸದ್ದು ಕೊಟ್ಟಿತು. ಉಳಿದುದನ್ನೆಲ್ಲ ನೋಡುವವನ ಕಣ್ಣೇ ತುಂಬಿಕೊಂಡಿತು. ಚಿತ್ರ ಬರೆದವನು ಅರ್ಧ ಕೆಲಸ ಮಾಡಿ, ಇನ್ನರ್ಧವನ್ನು ನೋಡುಗನಿಗೆ ಬಿಟ್ಟಿದ್ದ.

ಇದೇ ಮಾತು ಕಲ್ಲಿನಲ್ಲಿ ಹೇಗೆ ನಡೆಯಿತೆಂದು ತಿಳಿಯಬೇಕಾದರೆ ಬಳ್ಳಾರಿಯಿಂದ ಸುಮಾರು ೬೦ ಕಿಲೋಮೀಟರು ದೂರದ ಹಂಪೆಗೆ ಬನ್ನಿ. ಹದಿನೈದನೆಯ ಶತಮಾನದ ಆರಂಭದ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಸಾಲು ಸಾಲಾಗಿ ಮೆರವಣಿಗೆ ಹೊರಟಿದೆ. ಕೆಳಗೆ ಆನೆಗಳು, ಅದರ ಮೇಲೆ ಕುದುರೆಗಳು, ಮತ್ತೂ ಮೇಲೆ ಕಾಲಾಳುಗಳು, ಕುಣಿಯುವ ಹೆಂಗಸರು. ದೂರದಲ್ಲಿ ನಿಂತು ಇಡೀ ಗೋಡೆಯನ್ನು ಒಮ್ಮೆಗೇ ನೋಡಿ ಮುಗಿಸಬೇಡಿ. ಗೋಡೆಗೆ ಹತ್ತಿರವಾಗಿ, ಒಂದು ಸಾಲಿನ ಮೇಲೆ ಕಣ್ಣಿಟ್ಟು ನಡೆಯಿರಿ. ನೀವು ನಡೆದಂತೆ ಕುದುರೆಯೂ ನಡೆಯುತ್ತದೆ. ನೀವು ನಿಂತರೆ ಅದೂ ನಿಲ್ಲುತ್ತದೆ. ಮಹಾನವಮಿ ದಿಬ್ಬದ ಬದಿಗಳಲ್ಲಿಯೂ ಕುದುರೆಗಳಿವೆ. ಅಲ್ಲಿ ಅವುಗಳನ್ನು ಹಿಡಿದು ತರುವವರಲ್ಲಿ ಚೂಪು ಟೊಪ್ಪಿಗೆಯ ಪರದೇಶೀಯರೂ ಇದ್ದಾರೆ.

ಈ ಪರದೇಶೀಯರು ಸುಮ್ಮನೆ ಬಂದವರಲ್ಲ. ದಖ್ಖಣದ ಹವೆಗೆ ಒಳ್ಳೆಯ ಯುದ್ಧದ ಕುದುರೆ ಹುಟ್ಟಿ ಬೆಳೆಯುವುದು ಕಷ್ಟ. ಅರಬ್ಬೀ ಕಡಲನ್ನು ದಾಟಿಸಿಯೇ ತರಬೇಕಾಗಿತ್ತು. ಅಚ್ಯುತರಾಯನ ಕಾಲದಲ್ಲಿ, ೧೫೩೫ರ ಸುಮಾರಿಗೆ, ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ ಫೆರ್ನಾವೊ ನೂನಿಜ್, ಅರಸನು ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅದರಲ್ಲಿ ಹೊರ್ಮುಜಿನವೂ ನಾಡ ತಳಿಯವೂ ಸೇರಿದ್ದವೆಂದೂ ಹೇಳುತ್ತಾನೆ. ಸಾಳುವ ನರಸಿಂಹನ ವಿಷಯವಾಗಿ ಅವನು ಹೇಳುವ ಸಂಗತಿ ಇನ್ನೂ ಸೊಗಸು. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ್ದ ಕುದುರೆಗೆ ಕೊಡುವಷ್ಟೇ ಹಣವನ್ನು ಅರಸ ಎಣಿಸಿ ಕೊಡುತ್ತಿದ್ದನಂತೆ! ಇಷ್ಟು ಬೆಲೆಯುಳ್ಳ ಪ್ರಾಣಿ ರಾಜಬೀದಿಯಲ್ಲಿ ಹೋಗುವಾಗ ಕಲ್ಲುಕುಟಿಗ ಕಣ್ಣು ಮುಚ್ಚಿಕೊಂಡಿರುತ್ತಾನೆಯೇ? ನಡೆಯುವ ಕುದುರೆಯ ಕಾಲು ಹೇಗೆ ಏಳುತ್ತದೆ, ಹೇಗೆ ಊರುತ್ತದೆ ಎಂಬುದನ್ನು ಅವನು ದಿನವೂ ಕಂಡವನು. ನಡಿಗೆಯನ್ನು ಕಾಣುವುದಕ್ಕೆ ಮನುಷ್ಯನ ಕಣ್ಣಿಗೆ ಬೇಕಾದಷ್ಟು ಅವಕಾಶವಿರುತ್ತದೆ.

ತೊಡಕು ಬರುವುದು ನಾಗಾಲೋಟದಲ್ಲಿ. ಅಲ್ಲಿ ಕಣ್ಣು ಸೋಲುತ್ತದೆ. ಆದ್ದರಿಂದಲೇ ಲೋಕದ ಚಿತ್ರಗಾರರೆಲ್ಲ ತಮಗೆ ತೋಚಿದಂತೆ ಒಂದು ಭಂಗಿಯನ್ನು ಕಟ್ಟಿಕೊಂಡಿದ್ದರು. ಫ್ರಾನ್ಸಿನ ಜೆರಿಕೋ ೧೮೨೧ರಲ್ಲಿ ಬರೆದ ಎಪ್ಸಮ್ ಪಂದ್ಯದ ಚಿತ್ರದಲ್ಲಿ ಕುದುರೆಗಳು ಮುಂಗಾಲನ್ನು ಮುಂದಕ್ಕೂ ಹಿಂಗಾಲನ್ನು ಹಿಂದಕ್ಕೂ ಚಾಚಿ ನೆಲ ಬಿಟ್ಟು ತೇಲುತ್ತವೆ. ೧೮೭೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬಾತ ಓಟದ ಹಾದಿಯ ಪಕ್ಕದಲ್ಲಿ ಕ್ಯಾಮರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ಪಟ ತೆಗೆದ. ನಾಲ್ಕು ಕಾಲೂ ನೆಲ ಬಿಡುವುದು ನಿಜ; ಆದರೆ ಆಗ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮುದುಡಿರುತ್ತವೆ! ಚಿತ್ರಗಾರರಿಗೆ ದೊಡ್ಡ ಮುಖಭಂಗವಾಯಿತು. ಶಿಲ್ಪಿ ರೋಡೆ ಮಾತ್ರ ಜೆರಿಕೋನ ಪರವಾಗಿ ನಿಂತ. ಕಾಲವೆಂಬುದು ನಿಂತು ಪಟ ತೆಗೆಸಿಕೊಳ್ಳುವುದಿಲ್ಲ, ಆದ್ದರಿಂದ ಸುಳ್ಳು ಹೇಳುವುದು ಪಟವೇ ಹೊರತು ಚಿತ್ರಗಾರನಲ್ಲ ಎಂಬುದು ಅವನ ವಾದ. ನನಗೂ ಅದೇ ಸರಿಯೆಂದು ತೋರುತ್ತದೆ. ಮೈಬ್ರಿಜನೂ ತನ್ನ ಪಟಗಳನ್ನು ಬಿಡಿಬಿಡಿಯಾಗಿ ತೋರಿಸಿ ತೃಪ್ತನಾಗಲಿಲ್ಲ. ೧೮೭೯ರಲ್ಲಿ ಅವುಗಳಂತೆ ಬರೆದ ಚಿತ್ರಗಳನ್ನು ಗಾಜಿನ ಬಿಲ್ಲೆಯ ಮೇಲಿಟ್ಟು ತಿರುಗಿಸಿ, ದೀಪದ ಬೆಳಕಿನಿಂದ ಪರದೆಯ ಮೇಲೆ ಬಿಡುವ ಯಂತ್ರವನ್ನು ಮಾಡಿದ. ದೀಪ, ಪರದೆ, ಕತ್ತಲಲ್ಲಿ ಕುಳಿತ ಜನ: ನಮ್ಮ ಕಿಳ್ಳೇಕ್ಯಾತನಿಗೆ ಇದು ಹೊಸತಾಗಿ ಕಾಣುತ್ತಿರಲಿಲ್ಲ.

ನಾಗಾಲೋಟದ ಕುದುರೆಗಳನ್ನು ಕನ್ನಡ ನಾಡಿನಲ್ಲಿ ಹಿಂಡುಹಿಂಡಾಗಿ ನೋಡಬೇಕೆಂದಿದ್ದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಬೇಕು. ಟಿಪ್ಪು ೧೭೮೪ರಲ್ಲಿ ಕಟ್ಟಿಸಿದ ಆ ತೋಟದರಮನೆಯ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧವಿದೆ. ೧೭೮೦ರ ಸೆಪ್ಟೆಂಬರ್ ೧೦ರಂದು ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ದಂಡನ್ನು ಮುರಿದ ಪ್ರಸಂಗ. ನಡುವೆ ಇಂಗ್ಲಿಷರ ಚೌಕಾಕಾರದ ವ್ಯೂಹ. ಒಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ. ಸಿಡಿಯುತ್ತಿರುವ ಮದ್ದಿನ ಬಂಡಿ. ಮೈಸೂರಿನ ರಾವುತರು ನುಗ್ಗಿ ಬರುತ್ತಿದ್ದಾರೆ. ಕುದುರೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಭಂಗಿಯವು. ಮೈಬ್ರಿಜನ ಪಟದ ಲೆಕ್ಕದಲ್ಲಿ ಒಂದೂ ಸರಿಯಲ್ಲ. ಆದರೂ ಒಂದರ ಹಿಂದೆ ಒಂದು, ಒಂದರ ಮೇಲೊಂದು ಬಂದಾಗ ಗೋಡೆಯೇ ಅಲುಗಿದಂತಾಗುತ್ತದೆ.

ಈ ಗೋಡೆ ಪಟ್ಟ ಪಾಡು ಸಣ್ಣದಲ್ಲ. ಮುತ್ತಿಗೆಗೆ ಮೊದಲೇ ಚಿತ್ರ ಕೆಡಿಸಲ್ಪಟ್ಟಿತ್ತೆಂದೂ, ೧೭೯೯ರಲ್ಲಿ ಪಟ್ಟಣ ಬಿದ್ದ ಮೇಲೆ ಅಲ್ಲಿ ವಾಸಕ್ಕೆ ಬಂದ ವೆಲ್ಲೆಸ್ಲಿ ಅದನ್ನು ಸರಿಪಡಿಸಿದನೆಂದೂ ಹಳೆಯ ಪುಸ್ತಕಗಳು ಹೇಳುತ್ತವೆ. ಗೆದ್ದವನು ತನ್ನವರು ಸೋತ ಚಿತ್ರವನ್ನು ಉಳಿಸಿದ! ಆಮೇಲೆ ಮತ್ತೆ ಯಾರೋ ಸುಣ್ಣ ಬಳಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರಿಗೆ ಬಂದಾಗ ಅದನ್ನು ಪುನಃ ಬರೆಯಿಸಲು ಅಪ್ಪಣೆ ಮಾಡಿದ. ಬರೆದವನು ನಮ್ಮವನೇ ಆದ ಒಬ್ಬ ಚಿತ್ರಗಾರ. ಮೊದಲಿನ ಚಿತ್ರ ಅವನಿಗೆ ನೆನಪಿತ್ತಂತೆ.

ಅಲ್ಲಿಗೆ, ಇಂದು ನಾವು ಕಾಣುವ ಕುದುರೆಗಳು ಒಬ್ಬ ನೋಡುಗನ ನೆನಪಿನಿಂದ ಎದ್ದು ಬಂದವು. ಅವನು ಹಿಂದೆ ಆ ಗೋಡೆಯ ಮುಂದೆ ನಿಂತು ಮನಸ್ಸಿಟ್ಟು ನೋಡದೆ ಹೋಗಿದ್ದರೆ ನಮ್ಮ ಪಾಲಿಗೆ ಬರಿಯ ಸುಣ್ಣವೇ ಉಳಿಯುತ್ತಿತ್ತು. ಇದೇ ಯುದ್ಧದ ಚಿತ್ರ ಕಾಗದದ ಮೇಲೆಯೂ ಇದೆ. ಸುಮಾರು ೩೦ ಅಡಿ ಉದ್ದದ ಅಂಥದೊಂದು ೨೦೨೨ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮಾರಾಟವಾಯಿತು. ಆದರೆ ಗೋಡೆಯ ಚಿತ್ರವನ್ನು ಕೊಂಡು ಒಯ್ಯುವಂತಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದವರೆಲ್ಲರಿಗೂ ಅದು ಅಷ್ಟಷ್ಟೇ ಸೇರಿದ್ದು.

ತೊಗಲಿನ ಕುದುರೆಗೆ ಅಂಥ ಗೋಡೆಯ ಆಸರೆಯಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯ ಬಾಳನ್ನೂ ಗೊಂಬೆಗಳಲ್ಲಿ ಆಡಿಸಿ, ಹೊಸ ನೋಡುಗರನ್ನು ಪರದೆಯ ಮುಂದೆ ಕೂರಿಸಿದರು. ೨೦೨೩ರಲ್ಲಿ ಅವರು ತೀರಿಕೊಂಡರು. ಮುಂದಿನ ಸಲ ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇಂಥ ಗೊಂಬೆಯನ್ನು ಕಂಡರೆ, ಅದರ ಮೈಮೇಲಿನ ಸಣ್ಣ ಸಣ್ಣ ತೂತುಗಳನ್ನು ಗಮನಿಸಿ. ಕುದುರೆಯ ಜೀನು, ಗೆಜ್ಜೆ, ಹಣೆಪಟ್ಟಿಗಳನ್ನು ಮಿನುಗಿಸುವುದಕ್ಕಾಗಿ ಕೊರೆದವು ಅವು. ಹಿಂದೆ ದೀಪವಿಲ್ಲದಾಗ ಬರಿಯ ತೂತುಗಳಾಗಿಯೇ ಕಾಣುತ್ತವೆ.