ವಕೀಲಿಯಿಂದ ವಿಧಾನಸೌಧಕ್ಕೆ: ಶ್ರೀ ಕೆಂಗಲ್ ಹನುಮಂತಯ್ಯನವರ ಸಾರ್ವಜನಿಕ ಜೀವನ

1950ನೆಯ ಇಸವಿಯಲ್ಲಿ ಉಡುಪಿಯಲ್ಲಿ ಶ್ರೀಕೃಷ್ಣದರ್ಶನ ಮಾಡಿಕೊಂಡು ಯಾತ್ರೆಗೆ ಹೊರಟ ಒಂದು ಕುಟುಂಬವನ್ನು ವಾಚಕರು ಊಹಿಸಿಕೊಳ್ಳಬೇಕು. ಆಗ ಉಡುಪಿ ಮದ್ರಾಸು ರಾಜ್ಯಕ್ಕೆ ಸೇರಿತ್ತು. ಅಲ್ಲಿಂದ ಶ್ರೀ ವಾದಿರಾಜರ ಸೋದೆಗೆ ಬಂದರೆ ಅದು ಮುಂಬಯಿ ರಾಜ್ಯ. ಹಂಪಿಯಲ್ಲಿ ಯಂತ್ರೋದ್ಧಾರಕ ಪ್ರಾಣದೇವರ ದರ್ಶನ ಪಡೆಯುವಾಗ ಮತ್ತೆ ಮದ್ರಾಸು ರಾಜ್ಯ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿ ಆನೆಗೊಂದಿಯ ನವವೃಂದಾವನಕ್ಕೆ ಹೋದರೆ ಹೈದರಾಬಾದು ರಾಜ್ಯ. ಅಲ್ಲಿ ಚಲಾವಣೆಯಲ್ಲಿದ್ದ ಹಾಲಿ ಸಿಕ್ಕಾ ನಾಣ್ಯವೇ ಬೇರೆ. ಮಳಖೇಡವೂ ಅದೇ ರಾಜ್ಯದಲ್ಲಿತ್ತು. ಶ್ರೀಪಾದರಾಜರ ಮುಳಬಾಗಿಲಿಗೂ ಬ್ರಹ್ಮಣ್ಯತೀರ್ಥರ ಅಬ್ಬೂರಿಗೂ ಬರುವ ವೇಳೆಗೆ ಆ ಕುಟುಂಬ ಮೈಸೂರು ರಾಜ್ಯವನ್ನು ಪ್ರವೇಶಿಸಿರುತ್ತಿತ್ತು. ದಾರಿಯುದ್ದಕ್ಕೂ ಜನರ ನುಡಿ ಕನ್ನಡ. ಹಾಡುತ್ತಿದ್ದುದು ಅದೇ ದಾಸರ ಪದಗಳು. ಆದರೆ ಸರ್ಕಾರಗಳು ನಾಲ್ಕು.

ಯಾತ್ರಿಕರಿಗೆ ಇದು ಕೆಲವು ದಿನಗಳ ತೊಡಕು. ಆದರೆ ಆ ನೆಲದಲ್ಲೇ ಬಾಳುತ್ತಿದ್ದವರಿಗೆ ಇದು ನಿತ್ಯದ ಕಷ್ಟವಾಗಿತ್ತು. ಜಮೀನಿನ ವ್ಯಾಜ್ಯವೊಂದು ಮೇಲ್ಮನವಿಗೆ ಹೋದರೆ ಧಾರವಾಡದ ರೈತ ಮುಂಬಯಿಯ ಹೈಕೋರ್ಟಿಗೂ, ಮಂಗಳೂರಿನವನು ಮದ್ರಾಸಿಗೂ, ಕಲಬುರ್ಗಿಯವನು ಹೈದರಾಬಾದಿಗೂ, ತುಮಕೂರಿನವನು ಬೆಂಗಳೂರಿಗೂ ಹೋಗಬೇಕಿತ್ತು. ನಿಜಾಮರ ಕಾಲದಲ್ಲಿ ಕಲಬುರ್ಗಿ ಸೀಮೆಯ ನ್ಯಾಯಾಲಯಗಳ ಭಾಷೆ ಉರ್ದು; ತನ್ನ ಹೊಲದ ಕಾಗದಪತ್ರವನ್ನು ತಾನೇ ಓದಿಕೊಳ್ಳಲಾಗದ ಸ್ಥಿತಿ ಕನ್ನಡ ಕಕ್ಷಿದಾರನದಾಗಿತ್ತು. ಈ ವಿಂಗಡಣೆ 1956ರ ನವೆಂಬರ್ 1ರಂದು ಕೊನೆಗೊಂಡಿತು. ಅದಕ್ಕೆ ಕಾರಣರಾದವರು ಅನೇಕರು. ಅವರಲ್ಲಿ ಒಬ್ಬರು, ಏಕೀಕರಣದಿಂದ ತಮ್ಮ ಅಧಿಕಾರಕ್ಕೆ ಕುತ್ತು ಬರಬಹುದೆಂದು ತಿಳಿದೂ ಅದರ ಪರವಾಗಿ ನಿಂತವರು. ವೃತ್ತಿಯಿಂದ ವಕೀಲರು, ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಶ್ರೀ ಕೆಂಗಲ್ ಹನುಮಂತಯ್ಯನವರು.

ಹಳ್ಳಿಯಿಂದ ಪುಣೆಯವರೆಗೆ

ಹನುಮಂತಯ್ಯನವರು 1908ರಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲಿಗ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದರು. ಅವರ ಹೆಸರಿನೊಡನೆ ಸೇರಿಕೊಂಡ ಕೆಂಗಲ್, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆಂಜನೇಯಸ್ವಾಮಿಯ ದೇವಾಲಯದಿಂದ ಪ್ರಸಿದ್ಧವಾದ ಸ್ಥಳ. ನಾಡಿನಾದ್ಯಂತ 732 ಪ್ರಾಣದೇವರನ್ನು ಪ್ರತಿಷ್ಠಾಪಿಸಿದರೆಂದು ಶ್ರೀ ವ್ಯಾಸರಾಜರನ್ನು ಸ್ಮರಿಸುವ ನಮಗೆ, ಹನುಮಂತನ ಹೆಸರನ್ನೂ ಆಂಜನೇಯಕ್ಷೇತ್ರದ ಹೆಸರನ್ನೂ ಒಟ್ಟಿಗೆ ಹೊತ್ತ ಈ ಮಹನೀಯರು ಪರಕೀಯರೆನಿಸರು. ವ್ಯಾಸರಾಜರ ಗುರುಗಳ ವೃಂದಾವನವಿರುವ ಅಬ್ಬೂರು ಸಹ ಅದೇ ಸೀಮೆಯ ಚನ್ನಪಟ್ಟಣದ ಬಳಿಯೇ ಇದೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದ ಮೇಲೆ ಅವರು ಕಾನೂನು ವ್ಯಾಸಂಗಕ್ಕೆ ಪುಣೆಗೆ ತೆರಳಿ 1932ರಲ್ಲಿ ಅದನ್ನು ಪೂರೈಸಿದರು. ಕೆಲವೇ ವರ್ಷಗಳ ಹಿಂದೆ, 1926ರಲ್ಲಿ, ಶ್ರೀ ಎಸ್. ನಿಜಲಿಂಗಪ್ಪನವರೂ ಪುಣೆಯಲ್ಲಿಯೇ ಕಾನೂನು ಪದವಿ ಪಡೆದಿದ್ದರು. ಹೀಗೆ ಏಕೀಕರಣಕ್ಕಾಗಿ ಹಳೆಯ ಮೈಸೂರಿನಲ್ಲಿ ವಾದಿಸಿದ ಮುಖ್ಯಮಂತ್ರಿಯೂ, ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿಯೂ ನ್ಯಾಯಶಾಸ್ತ್ರವನ್ನು ಕಲಿತದ್ದು ಕನ್ನಡನಾಡಿನ ಹೊರಗಣ ಈ ವಿದ್ಯಾನಗರದಲ್ಲಿ ಎಂಬುದು ಹೊರನಾಡಿನ ಕನ್ನಡಿಗರಾದ ನಾವು ಅಭಿಮಾನದಿಂದ ನೆನೆಯತಕ್ಕ ಸಂಗತಿ.

ಬೆಂಗಳೂರಿಗೆ ಹಿಂದಿರುಗಿ ವಕೀಲಿ ವೃತ್ತಿಯನ್ನು ಆರಂಭಿಸಿದ ಹನುಮಂತಯ್ಯನವರನ್ನು ಸ್ವಾತಂತ್ರ್ಯ ಚಳವಳಿ ಸೆಳೆದುಕೊಂಡಿತು. ವೃತ್ತಿಯಲ್ಲಿ ನೆಲೆಯೂರಬೇಕಾದ ವಯಸ್ಸಿನಲ್ಲಿ ಅವರು ಹಲವು ಬಾರಿ ಸೆರೆಮನೆ ಕಂಡರು. ನ್ಯಾಯಾಲಯದಲ್ಲಿ ಬೆಳೆದ ವಾಕ್‌ಶಕ್ತಿಗೆ ಹೊಸ ಕ್ಷೇತ್ರ ದೊರೆತದ್ದು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ.

ಅಧಿಕಾರವಿಲ್ಲದ ಸಭೆಯಲ್ಲಿ

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆ ಭಾರತದ ಸಂಸ್ಥಾನಗಳಲ್ಲೇ ಮೊದಲನೆಯದು. 1907ರಲ್ಲಿ ಅದರ ಜೊತೆಗೆ ನ್ಯಾಯವಿಧಾಯಕ ಸಭೆಯೂ ಸ್ಥಾಪಿತವಾಯಿತು. ಸದಸ್ಯರು ಅಹವಾಲು ಮಂಡಿಸಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು, ಅಯವ್ಯಯವನ್ನು ಚರ್ಚಿಸಬಹುದಿತ್ತು. ಆದರೆ ದಿವಾನರು ಉತ್ತರದಾಯಿಯಾಗಿದ್ದುದು ಮಹಾರಾಜರಿಗೆ, ಸಭೆಗಲ್ಲ. 1940ರ ದಶಕದಲ್ಲಿ ಈ ಸಭೆಯ ಕಾಂಗ್ರೆಸ್ ಸದಸ್ಯರ ನಾಯಕರಾಗಿದ್ದ ಹನುಮಂತಯ್ಯನವರಿಗೆ ಇದು ಒಂದು ವಿಶಿಷ್ಟ ಪಾಠಶಾಲೆಯಾಯಿತು. ತೀರ್ಪು ಕೊಡುವ ಅಧಿಕಾರ ಕೈಯಲ್ಲಿಲ್ಲದಾಗ ಉಳಿಯುವುದು ವಾದವೊಂದೇ. ಸರ್ಕಾರದ ಅಂಕಿ-ಅಂಶಗಳಿಂದಲೇ ಸರ್ಕಾರವನ್ನು ಪ್ರಶ್ನಿಸುವ ಕಲೆ ವಕೀಲರಾದವರಿಗೆ ಸಹಜವಾಗಿ ಒದಗುವಂಥದು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ಚಳವಳಿಯ ಫಲವಾಗಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು.

ಆ ಬಳಿಕ ಹನುಮಂತಯ್ಯನವರು ಮೈಸೂರಿನ ಪ್ರತಿನಿಧಿಗಳಲ್ಲೊಬ್ಬರಾಗಿ ಸಂವಿಧಾನ ರಚನಾ ಸಭೆಯನ್ನು ಸೇರಿದರು. 1949ರ ನವೆಂಬರ್‌ನಲ್ಲಿ ಅಲ್ಲಿ ಮಾಡಿದ ಭಾಷಣದಲ್ಲಿ ಅವರು ಮುಕ್ತವಾಗಿ ಹೇಳಿದ ಮಾತಿನ ಸಾರ ಇದು: ನಾವು ಬಯಸಿದ್ದು ವೀಣೆಯ ನಾದವನ್ನು, ಆದರೆ ದೊರೆತದ್ದು ಇಂಗ್ಲಿಷ್ ಬ್ಯಾಂಡಿನ ವಾದ್ಯವನ್ನು, ಸಂವಿಧಾನವನ್ನು ರಚಿಸಿದವರು ಪಡೆದ ಶಿಕ್ಷಣವೇ ಅಂಥದು. ಗಾಂಧೀಜಿ ಬಯಸಿದ್ದ, ಗ್ರಾಮದಿಂದ ಮೇಲಕ್ಕೆ ಬೆಳೆಯುವ ವ್ಯವಸ್ಥೆ ಇದಲ್ಲವೆಂಬುದು ಅವರ ಕೊರಗಾಗಿತ್ತು. ಸ್ವತಃ ಕಾನೂನು ಪಂಡಿತರಾದವರೊಬ್ಬರು ಕಾನೂನು ಪಂಡಿತರ ಕೃತಿಯನ್ನು ಅವರ ಸಮ್ಮುಖದಲ್ಲಿಯೇ ಹೀಗೆ ವಿಮರ್ಶಿಸಿದುದು ಆ ಕಾಲದ ಚರ್ಚೆಯ ಘನತೆಗೂ ಅವರ ನಿರ್ಭೀತಿಗೂ ಸಾಕ್ಷಿ.

ಮುಖ್ಯಮಂತ್ರಿ ಪದವಿ

ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74ನ್ನು ಕಾಂಗ್ರೆಸ್ ಗಳಿಸಿತು. 1952ರ ಮಾರ್ಚ್ 30ರಂದು ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ಅವರ ಹೆಸರನ್ನು ಹೇಳಿದೊಡನೆ ಕಣ್ಣಿಗೆ ಬರುವುದು ವಿಧಾನಸೌಧ. ಪ್ರಧಾನಿ ನೆಹರೂ ಅವರು 1951ರಲ್ಲಿ ಶಂಕುಸ್ಥಾಪನೆ ಮಾಡಿದ್ದ ಕಟ್ಟಡದ ಯೋಜನೆಯನ್ನು ಹನುಮಂತಯ್ಯನವರು ಬದಲಿಸಿದರು. ನಮ್ಮ ದೇವಾಲಯಗಳ ಶಿಲ್ಪಸಂಪ್ರದಾಯ ಅದರಲ್ಲಿ ಕಾಣಬೇಕೆಂಬುದು ಅವರ ಹಂಬಲ. ಮುಖ್ಯ ಎಂಜಿನಿಯರ್ ಬಿ. ಆರ್. ಮಾಣಿಕಂ ಅವರ ಮೇಲ್ವಿಚಾರಣೆಯಲ್ಲಿ 700 ಅಡಿ ಉದ್ದ, 350 ಅಡಿ ಅಗಲದ ಶಿಲಾಸೌಧ 1956ರಲ್ಲಿ ಪೂರ್ಣಗೊಂಡಿತು. ಕಲ್ಲುಕುಟಿಗರೊಡನೆ ಸೆರೆಮನೆಯ ಕೈದಿಗಳೂ ಅದರ ನಿರ್ಮಾಣದಲ್ಲಿ ದುಡಿದರು. ವೆಚ್ಚ ಪೌನೇ ಎರಡು ಕೋಟಿ ರೂಪಾಯಿಗಳಷ್ಟಾಯಿತು. ಬಡ ರಾಜ್ಯಕ್ಕೆ ಇಷ್ಟು ವೈಭವವೇಕೆಂಬ ಟೀಕೆ ಸದನದ ಒಳಗೂ ಹೊರಗೂ ಕೇಳಿಬಂದಿತು. ಆ ಟೀಕೆಯನ್ನು ಅಂದಿನ ಪರಿಸ್ಥಿತಿಯಲ್ಲಿ ಅನುಚಿತವೆನ್ನಲಾಗದು. ಆದರೆ ಹತ್ತು ಜಿಲ್ಲೆಗಳ ಮೈಸೂರಿಗೆ ದೊಡ್ಡದೆನಿಸಿದ ಆ ಸೌಧ ಹತ್ತೊಂಬತ್ತು ಜಿಲ್ಲೆಗಳ ಹೊಸ ರಾಜ್ಯಕ್ಕೆ ಮೊದಲ ದಿನದಿಂದಲೇ ಒದಗಿಬಂದಿತು.

ತನ್ನ ವಿರುದ್ಧವೇ ವಾದ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಶ್ರೀ ರಾಘವೇಂದ್ರಸ್ವಾಮಿಗಳ ಮಂತ್ರಾಲಯವೂ ಹೀಗೆಯೇ ಆಂಧ್ರದ ಪಾಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕಗೊಂಡಿತು. 1955ರ ಸೆಪ್ಟೆಂಬರ್‌ನಲ್ಲಿ ಅದು ಸಲ್ಲಿಸಿದ ವರದಿ, ಎರಡು ಕನ್ನಡ ರಾಜ್ಯಗಳಿರಲಿ ಎಂಬ ಬೇಡಿಕೆಯನ್ನು ಒಪ್ಪದೆ ಒಂದೇ ರಾಜ್ಯವನ್ನು ಶಿಫಾರಸು ಮಾಡಿತು.

ಹಳೆಯ ಮೈಸೂರಿನಲ್ಲಿ ಇದಕ್ಕೆ ಬಲವಾದ ವಿರೋಧವಿತ್ತು. ಆ ವಿರೋಧಿಗಳನ್ನು ಕೇವಲ ಸ್ವಾರ್ಥಿಗಳೆಂದು ತಳ್ಳಿಹಾಕುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. 1902ರಲ್ಲಿಯೇ ಶಿವನಸಮುದ್ರದಲ್ಲಿ ವಿದ್ಯುತ್ತು ಉತ್ಪಾದಿಸಿದ, ಕನ್ನಂಬಾಡಿ ಅಣೆಕಟ್ಟನ್ನೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ ಕಟ್ಟಿದ ಮೈಸೂರು, ರಸ್ತೆ-ಶಾಲೆ-ನೀರಾವರಿಗಳಿಲ್ಲದೆ ಹಿಂದುಳಿದಿದ್ದ ಪ್ರದೇಶಗಳ ಭಾರವನ್ನು ಹೇಗೆ ಹೊತ್ತೀತು ಎಂಬುದು ಅವರ ಪ್ರಶ್ನೆ. ಅದರ ಹಿಂದೆ ಮತ್ತೊಂದು ಲೆಕ್ಕಾಚಾರವೂ ಇತ್ತು: ವಿಶಾಲ ರಾಜ್ಯದಲ್ಲಿ ಒಕ್ಕಲಿಗ ಸಮುದಾಯದ ರಾಜಕೀಯ ಪ್ರಾಬಲ್ಯ ಕುಗ್ಗಿ, ಉತ್ತರದ ಲಿಂಗಾಯತ ಸಮುದಾಯದ ಬಲ ಹೆಚ್ಚುವುದೆಂಬ ಆತಂಕ.

ಹನುಮಂತಯ್ಯನವರು ಹಳೆಯ ಮೈಸೂರಿನವರು, ಆ ಸಮುದಾಯಕ್ಕೇ ಸೇರಿದವರು, ಅಧಿಕಾರದಲ್ಲಿದ್ದವರು. ಮೌನವಾಗಿದ್ದರೂ ಸಾಕಿತ್ತು, ಅವರ ಪೀಠ ಭದ್ರವಾಗುತ್ತಿತ್ತು. ಆದರೂ ಅವರು ತಮ್ಮ ಪಕ್ಷದವರಲ್ಲಿಯೇ ಅನೇಕರ ಅಸಮಾಧಾನವನ್ನು ಎದುರಿಸಿ ಏಕೀಕರಣವನ್ನು ಸಮರ್ಥಿಸಿದರು. ವಿಧಾನಸಭೆಯಲ್ಲಿ ನಡೆದ ದೀರ್ಘ ಚರ್ಚೆಯಲ್ಲಿ ಕನ್ನಡಿಗರೆಲ್ಲರೂ ಒಂದೇ ಆಡಳಿತದಲ್ಲಿರಬೇಕೆಂಬ ಪಕ್ಷವನ್ನೇ ಹಿಡಿದರು. ಬಳ್ಳಾರಿ ಸೀಮೆಯ ಕೆಲವು ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಆಯೋಗ ಮಾಡಿದ್ದ ಶಿಫಾರಸು ಕೊನೆಗೆ ಕಾನೂನಾಗಲಿಲ್ಲ. ಬಳ್ಳಾರಿ, ಹೊಸಪೇಟೆಗಳು ಕನ್ನಡ ರಾಜ್ಯದಲ್ಲೇ ಉಳಿದವು. ಹಂಪಿ ಮತ್ತು ನವವೃಂದಾವನಗಳ ನಡುವಣ ತುಂಗಭದ್ರೆ ಅಂದಿನಿಂದ ರಾಜ್ಯದ ಗಡಿಯಲ್ಲ, ರಾಜ್ಯದೊಳಗಣ ನದಿ.

ಆದರೆ ಆ ಶುಭದಿನದಂದು ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿರಲಿಲ್ಲ. ಪಕ್ಷದ ಶಾಸಕರಲ್ಲಿ ವಿಶ್ವಾಸ ಕಳೆದುಕೊಂಡು 1956ರ ಆಗಸ್ಟ್‌ನಲ್ಲಿ, ಏಕೀಕರಣಕ್ಕೆ ಕೆಲವೇ ವಾರಗಳಿರುವಾಗ, ಅವರು ಅಧಿಕಾರದಿಂದ ಇಳಿದಿದ್ದರು. ಏಕೀಕರಣದ ನಿಲುವೊಂದೇ ಇದಕ್ಕೆ ಕಾರಣವೆಂದರೆ ಪೂರ್ಣಸತ್ಯವಾಗದು. ಅವರ ಬಿರುಸಿನ ಸ್ವಭಾವ, ಪಕ್ಷದೊಳಗಣ ಬಣಗಳು, ವಿಧಾನಸೌಧದ ವೆಚ್ಚದ ಟೀಕೆ ಎಲ್ಲವೂ ಸೇರಿಕೊಂಡಿದ್ದವು. ಮಧ್ಯಂತರದಲ್ಲಿ ಶ್ರೀ ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಗಳಾದರು. ನವೆಂಬರ್ 1ರಂದು ನಿಜಲಿಂಗಪ್ಪನವರು ಹೊಸ ರಾಜ್ಯದ ಹೊಣೆ ಹೊತ್ತರು. ವಿಶಾಲ ಮೈಸೂರಿನ ಮುಖ್ಯಮಂತ್ರಿ ಪದವಿ ಹನುಮಂತಯ್ಯನವರಿಗೆ ಮುಂದೆಂದೂ ಒದಗಲಿಲ್ಲ.

ಉತ್ತರ ಜೀವನ

1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದ ಅವರು 1967ರಲ್ಲಿ ಮೊರಾರ್ಜಿ ದೇಸಾಯಿಯವರ ತರುವಾಯ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. 1970ರಲ್ಲಿ ಕೇಂದ್ರದ ಕಾನೂನು ಸಚಿವರಾಗಿ, 1971–72ರಲ್ಲಿ ರೈಲ್ವೆ ಸಚಿವರಾಗಿ ಸೇವೆ ಸಲ್ಲಿಸಿದರು. 1977ರ ಚುನಾವಣೆಯಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಶ್ರೀ ಕೆ. ಎಸ್. ಹೆಗ್ಡೆಯವರ ಎದುರು ಪರಾಭವಗೊಂಡರು. 1980ರ ಡಿಸೆಂಬರ್ 1ರಂದು ನಿಧನರಾದರು. ಅವರು ಬಯಸಿದ ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದುದನ್ನು ಕಾಣುವ ಭಾಗ್ಯ ಅವರಿಗಿತ್ತು.

ವಕೀಲರ ಧರ್ಮ ತಮ್ಮ ಕಕ್ಷಿದಾರನ ಹಿತವನ್ನು ಕಾಯುವುದು. ಶಾಸಕರಾದ ವಕೀಲರಿಗೆ ಕಕ್ಷಿದಾರರು ಯಾರು ಎಂಬ ಪ್ರಶ್ನೆ ಏಳುತ್ತದೆ. ತಮ್ಮ ಕ್ಷೇತ್ರವೇ, ತಮ್ಮ ಸಮುದಾಯವೇ, ತಮ್ಮ ಪದವಿಯೇ? 1955ರಲ್ಲಿ ಹನುಮಂತಯ್ಯನವರು ತಮಗೆ ಮತ ನೀಡದ, ನೀಡಲಾಗದಿದ್ದ ಬೀದರಿನ, ಬಿಜಾಪುರದ, ಉಡುಪಿಯ ಜನರನ್ನೂ ಕಕ್ಷಿದಾರರೆಂದು ಬಗೆದರು. ಸರ್ಕಾರದ ಕೆಲಸ ದೇವರ ಕೆಲಸ ಎಂಬ ಮಾತು ವಿಧಾನಸೌಧದ ಮುಂಭಾಗದಲ್ಲಿದೆ. ಜನರ ಸೇವೆಯೆಂಬುದು ಭಗವಂತನಿಗೆ ಸಲ್ಲಿಸಬೇಕಾದ ಕಂದಾಯವಿದ್ದಂತೆ ಎಂಬ ಶ್ರೀಮದಾಚಾರ್ಯರ ಆಶಯವನ್ನು ಬಲ್ಲ ನಮಗೆ ಆ ಬರಹ ಹೊಸತಲ್ಲ. ಆ ಆವರಣದಲ್ಲಿ ಹನುಮಂತಯ್ಯನವರ ಪ್ರತಿಮೆಯೂ ಇದೆ. ಇಂದು ಉಡುಪಿಯಿಂದ ಸೋದೆ, ಹಂಪಿ, ಆನೆಗೊಂದಿ, ಮಳಖೇಡಗಳ ಮಾರ್ಗವಾಗಿ ಮುಳಬಾಗಿಲಿನವರೆಗೆ ಯಾತ್ರೆ ಮಾಡುವವರು ಒಂದೇ ರಾಜ್ಯದಲ್ಲಿ ಸಾಗುತ್ತಾರೆ. ಬೆಂಗಳೂರಿಗೆ ಬಂದಾಗ ಆ ಪ್ರತಿಮೆಯ ಮುಂದೆ ಒಂದು ಕ್ಷಣ ನಿಂತು ಕೃತಜ್ಞತೆ ಸಲ್ಲಿಸುವುದು ಉಚಿತವಾದೀತು.