ಕಾಫಿಯ ಕುಲಭೇದ

ಕಾಫಿ ಎಂಬುದು ಒಂದು ಪಾನೀಯದ ಹೆಸರೆಂದು ನಾವು ತಿಳಿದಿದ್ದ ಕಾಲವೊಂದಿತ್ತು. ಈಗ ಅದು ಒಂದು ದೊಡ್ಡ ಕುಟುಂಬದ ಹೆಸರಾಗಿದೆ. ಬೆಂಗಳೂರಿನಲ್ಲಿ ಓದುವ ಮಕ್ಕಳು ರಜೆಗೆಂದು ಕೂಡ್ಲಿಗಿಗೋ ಹಡಗಲಿಗೋ ಬಂದರೆ ಎಸ್ಪ್ರೆಸೊ, ಕ್ಯಾಪುಚಿನೊ, ಲಾಟೆ, ಅಮೆರಿಕಾನೊ ಎಂಬ ಹೆಸರುಗಳು ಅವರ ಬಾಯಿಂದ ಸಹಸ್ರನಾಮದಂತೆ ಹೊರಡುತ್ತವೆ. “ಇವೆಲ್ಲ ಕಾಫಿಯೇ ಹೌದಾದರೆ ಇಷ್ಟು ಹೆಸರೇಕಪ್ಪಾ?” ಎಂದು ಮನೆಯ ಹಿರಿಯರು ಕೇಳುತ್ತಾರೆ. ಪ್ರಶ್ನೆ ಸಾಧುವಾದುದು. ಉತ್ತರ ಹೇಳಬೇಕಾದರೆ ಕಾಫಿಯ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು. ಕೆದಕಿದರೆ ನಮ್ಮ ಸೀಮೆಯ ಚರಿತ್ರೆಯೂ ಅದರೊಡನೆ ಮೇಲೆದ್ದು ಬರುತ್ತದೆ.

ಕಾಫಿಯ ಗಿಡ ಇಥಿಯೋಪಿಯದ್ದು. ಅದರ ಬೀಜದಿಂದ ಪಾನೀಯ ಮಾಡಿ ಬಳಕೆಗೆ ತಂದವರು 15ನೆಯ ಶತಮಾನದ ಯೆಮನ್ ದೇಶದ ಸೂಫಿಗಳು. ರಾತ್ರಿಯ ಧ್ಯಾನಕ್ಕೆ ನಿದ್ರೆ ಅಡ್ಡ ಬಾರದಿರಲೆಂಬುದೇ ಅವರ ಉದ್ದೇಶ. ಅರಬ್ಬೀ ಭಾಷೆಯ ‘ಕಹ್ವಾ’ ತುರ್ಕಿ, ಯೂರೋಪುಗಳನ್ನು ಸುತ್ತಿ ಇಂಗ್ಲಿಷಿನ ದಾರಿಯಾಗಿ ನಮ್ಮಲ್ಲಿ ‘ಕಾಫಿ’ಯಾಯಿತು. ಬೀಜ ಮಾತ್ರ ಇಷ್ಟು ಸುತ್ತಲಿಲ್ಲ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಮೋಖಾ ಬಂದರಿನಿಂದ ಏಳು ಬೀಜಗಳನ್ನು ಮುಚ್ಚಿಟ್ಟುಕೊಂಡು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಅರಿಯದ ಕನ್ನಡಿಗರು ವಿರಳ. ಆದರೆ ಗಿಡ ಹತ್ತಿರವಿದ್ದ ಮಾತ್ರಕ್ಕೆ ಲೋಟ ಹತ್ತಿರವಾಗಲಿಲ್ಲ. 19ನೆಯ ಶತಮಾನದ ದೊರೆಗಳ ತೋಟದ ಬೆಳೆಯಲ್ಲಿ ಬಹುಭಾಗ ಹಡಗು ಹತ್ತಿತು. ಬಯಲುಸೀಮೆಯ ಜೋಳದ ಹೊಲದವನಿಗೆ ಅಂಬಲಿ ಮಜ್ಜಿಗೆಗಳೇ ಗತಿಯಾಗಿದ್ದುವು.

ಇನ್ನು ಭೇದಗಳ ಮಾತು. ಇದಕ್ಕೊಂದು ಸುಲಭವಾದ ಸೂತ್ರವುಂಟು: ನೀರು ಪುಡಿಯಿಂದ ಸಾರವನ್ನು ಹೇಗೆ ಪಡೆಯುತ್ತದೆಂದು ಕೇಳಬೇಕು. ಕುದಿಸುವುದು ಮೊದಲನೆಯ ಬಗೆ. ತುರ್ಕಿಯವರು ನುಣ್ಣನೆಯ ಪುಡಿಯನ್ನು ನೀರಿನೊಡನೆ ಕಾಯಿಸಿ, ಗಸಿ ತಳಕ್ಕಿಳಿದ ಮೇಲೆ ಕುಡಿಯುತ್ತಾರೆ. ಬೆಲ್ಲದ ನೀರಿಗೆ ಪುಡಿ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸುವ ನಮ್ಮ ಅಜ್ಜಿಯರ ಕಾಫಿಯೂ ಇದೇ ವಂಶದ್ದು. ಎರಡನೆಯದು ಇಳಿಸುವುದು. 1800ರ ಸುಮಾರಿನಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದ ಜೋಡಿಪಾತ್ರೆಯ ಬಂಧುವೇ ನಮ್ಮ ಫಿಲ್ಟರು. ಇಲ್ಲಿ ಬಲವಂತವಿಲ್ಲ, ಬಿಸಿನೀರು ತನ್ನ ಭಾರದಿಂದ ತಾನೇ ಹನಿಹನಿಯಾಗಿ ಇಳಿದು ಡಿಕಾಕ್ಷನ್ ಆಗುತ್ತದೆ. ಮೂರನೆಯದು ಒತ್ತುವುದು. ಇಟಲಿಯ ಟ್ಯುರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಆವಿಯ ಬಲದ ಯಂತ್ರವೊಂದಕ್ಕೆ ಪೇಟೆಂಟು ಪಡೆದ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಅದನ್ನು ಒಂದೊಂದು ಬಟ್ಟಲಿಗೆ ಒಗ್ಗಿಸಿದ. ಎರಡನೆಯ ಮಹಾಯುದ್ಧವಾದ ಮೇಲೆ ಅಕಿಲ್ಲೆ ಗಾಜಿಯಾನ ಸನ್ನೆಕೋಲಿನ ಯಂತ್ರ ಬಂದಿತು. ವಾಯುಮಂಡಲದ ಒತ್ತಡದ ಸುಮಾರು ಒಂಬತ್ತು ಪಟ್ಟು ಬಲದಿಂದ ನೀರನ್ನು ಪುಡಿಯೊಳಕ್ಕೆ ನುಗ್ಗಿಸಿದರೆ 25–30 ಸೆಕೆಂಡುಗಳಲ್ಲಿ ಎರಡು ಗುಟುಕಿನಷ್ಟು ಗಟ್ಟಿ ರಸ, ಮೇಲೊಂದು ಹೊಂಬಣ್ಣದ ಕೆನೆ – ಇದೇ ಎಸ್ಪ್ರೆಸೊ. ನಾಲ್ಕನೆಯದರಲ್ಲಿ ನಮಗೇನೂ ಕೆಲಸವಿಲ್ಲ. ಕಾರ್ಖಾನೆಯಲ್ಲಿ ಮೊದಲೇ ತೆಗೆದು ಒಣಗಿಸಿದ ಸಾರ ಅದು. 1938ರಲ್ಲಿ ಸ್ವಿಟ್ಜರ್ಲೆಂಡಿನಿಂದ ಹೊರಟ ನೆಸ್ಕೆಫೆ ಅದನ್ನು ಲೋಕಪ್ರಸಿದ್ಧ ಮಾಡಿತು.

ಹೊಸ ಹೆಸರುಗಳಲ್ಲಿ ಬಹುಪಾಲು ಈ ಎಸ್ಪ್ರೆಸೊವಿನ ಮಕ್ಕಳು. ಅದಕ್ಕೆ ಬಿಸಿನೀರು ಬೆರೆಸಿದರೆ ಅಮೆರಿಕಾನೊ. ಆವಿಯಿಂದ ಕಾಯಿಸಿದ ಹಾಲನ್ನೂ ದಪ್ಪನೆಯ ನೊರೆಯನ್ನೂ ಸೇರಿಸಿದರೆ ಕ್ಯಾಪುಚಿನೊ. ಕಪುಚಿನ್ ಪಂಥದ ಕ್ರೈಸ್ತ ಸಂನ್ಯಾಸಿಗಳ ಕಂದು ನಿಲುವಂಗಿಯ ಬಣ್ಣ ಅದಕ್ಕೆ ಆ ಹೆಸರನ್ನು ಕೊಟ್ಟಿತು. ಹಾಲು ಹೆಚ್ಚಾಗಿ ನೊರೆ ತೆಳುವಾದರೆ ಲಾಟೆ. ಇಟಲಿಯ ನುಡಿಯಲ್ಲಿ ‘ಲಾಟೆ’ ಎಂದರೆ ಬರಿಯ ಹಾಲು. ಅಲ್ಲಿಗೆ ಹೋಗಿ ಲಾಟೆ ಕೇಳಿದವನಿಗೆ ಹಾಲೇ ಸಿಕ್ಕಿದರೆ ತಪ್ಪು ಹೋಟೆಲಿನವನದಲ್ಲ. ಹಾಲಿನ ಪಾಲನ್ನು ನೋಡಿದರೆ ನಮ್ಮ ಫಿಲ್ಟರ್ ಕಾಫಿ ಲಾಟೆಗೆ ಸೋದರಸಂಬಂಧಿ. ಆದರೆ ಇದರ ನೊರೆ ಆವಿಯಿಂದ ಬಂದದ್ದಲ್ಲ. ಲೋಟದಿಂದ ಬಟ್ಟಲಿಗೆ ಮೊಳದೆತ್ತರದಿಂದ ಸುರಿಯುವ ತೋಳಿನ ಪ್ರಸಾದ. ಇನ್ನು ಮದುವೆಯ ಚಪ್ಪರದಲ್ಲಿ ಬುಸುಗುಟ್ಟುವ ಯಂತ್ರದ ‘ಎಸ್ಪ್ರೆಸೊ’ವಿಗೆ ಇಟಲಿಯ ಎಸ್ಪ್ರೆಸೊದೊಡನೆ ಹೆಸರಿನ ನಂಟು ಮಾತ್ರ: ಅದು ಸಕ್ಕರೆ, ದಿಢೀರ್ ಪುಡಿಗಳಿಗೆ ಹಾಲು ಸುರಿದು ಆವಿಯಿಂದ ನೊರೆಯೆಬ್ಬಿಸಿದ್ದು. ರುಚಿಯಾಗಿಲ್ಲವೆಂದು ನಾನು ಹೇಳುತ್ತಿಲ್ಲ!

ಪುಡಿಯ ಕುಲವನ್ನೂ ವಿಚಾರಿಸಬೇಕು. ಅರೇಬಿಕಾ ಪರಿಮಳಕ್ಕೆ, ರೋಬಸ್ಟಾ ಕಸುವಿಗೆ. ಚಿಕೋರಿಯಂತೂ ಕಾಫಿಯೇ ಅಲ್ಲ, ಹುರಿದು ಪುಡಿಮಾಡಿದ ಒಂದು ಬೇರು. 1806ರಲ್ಲಿ ನೆಪೋಲಿಯನ್ ಬ್ರಿಟಿಷರ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಾಫಿಯ ಅಭಾವದಿಂದ ಫ್ರಾನ್ಸಿನಲ್ಲಿ ಅದರ ಬಳಕೆ ಹೆಚ್ಚಿತು. ಅಭಾವ ಹೋಯಿತು, ಅಭ್ಯಾಸ ಉಳಿಯಿತು. ನಮ್ಮ ದೇಶದ ಕಾನೂನಿನಂತೆ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಿಮೆಯಿರಬಾರದು. ಪೊಟ್ಟಣದ ಮೇಲೆ ಪ್ರಮಾಣವನ್ನು ಅಚ್ಚು ಹಾಕಿರಬೇಕು. ಹೆಸರನ್ನು ಓದುವವರು ಈ ಸಣ್ಣ ಅಕ್ಷರವನ್ನೂ ಓದುವುದು ಲೇಸು.

ಈ ಪಾನೀಯ ನಮ್ಮ ಸೀಮೆಗೆ ಬಂದು ನಿಂತ ಬಗೆ ಸ್ವಾರಸ್ಯವಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪ್ರದೇಶ 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದು, 1953ರ ಅಕ್ಟೋಬರ್ 1ರಂದು ಮೈಸೂರನ್ನು ಸೇರುವವರೆಗೂ ಮದ್ರಾಸಿನ ಆಡಳಿತದಲ್ಲಿತ್ತು. ತುಂಗಭದ್ರೆಯ ಆಚೆ ದಡದಲ್ಲಿ ಒಂದು ಕಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಇನ್ನೊಂದು ಕಡೆ ನಿಜಾಮನ ಕೊಪ್ಪಳ. ದಕ್ಷಿಣಕ್ಕೆ ಮೈಸೂರು ಸಂಸ್ಥಾನದ ಜಗಳೂರು, ದಾವಣಗೆರೆ. ಮುಂಬಯಿ, ಹೈದರಾಬಾದುಗಳ ಕಡೆಯದು ಚಹದ ನಾಡು. ಮದ್ರಾಸು, ಮೈಸೂರುಗಳದು ಕಾಫಿಯ ನಾಡು. ಎರಡು ರುಚಿಗಳೂ ಬಂದು ಸಂಧಿಸಿದ್ದು ನಮ್ಮಲ್ಲಿ. ಬೆಳಿಗ್ಗೆ ಒಗ್ಗರಣಿ ಮಿರ್ಚಿಯ ಮೇಲೆ ಚಾ, ಮನೆಗೆ ಬೀಗರು ಬಂದರೆ ಕಾಫಿ – ಎಂಬ ನಮ್ಮವರ ಪದ್ಧತಿ ಈ ಗಡಿಬಾಳಿನ ಫಲವೆಂದೇ ನಾನು ತಿಳಿಯುತ್ತೇನೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯನ್ನು ಸೇರಿತು. ಜಿಲ್ಲೆ ಬದಲಾದಷ್ಟು ಸುಲಭವಾಗಿ ನಾಲಗೆ ಬದಲಾಗಲಿಲ್ಲ.

ಕಾಫಿಯನ್ನು ಜನಸಾಮಾನ್ಯರೆಡೆಗೆ ತಂದದ್ದು ಕಷ್ಟಕಾಲ. 1930ರ ದಶಕದಲ್ಲಿ ಬೆಲೆ ಕುಸಿದಾಗ ದೇಶದೊಳಗೇ ಗಿರಾಕಿಗಳನ್ನು ಹುಡುಕಬೇಕಾಯಿತು. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಯುದ್ಧದಿಂದ ಹೊರದೇಶದ ಪೇಟೆ ಮುಚ್ಚಿದಾಗ, 1942ರ ಕಾಯಿದೆಯಂತೆ ಬೆಳೆಯೆಲ್ಲ ಕಾಫಿ ಮಂಡಳಿಯ ಮೂಲಕವೇ ಮಾರಾಟವಾಗತೊಡಗಿತು. 1957ರಲ್ಲಿ ಕೆಲಸ ಕಳೆದುಕೊಂಡ ಕಾಫಿ ಹೌಸಿನ ನೌಕರರು ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. 1996ರಲ್ಲಿ ಬೆಳೆಗಾರರಿಗೆ ಪೂರ್ಣ ಮಾರಾಟ ಸ್ವಾತಂತ್ರ್ಯ ದೊರೆಯಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಬಾಗಿಲು ತೆರೆದು, ಇಟಲಿಯ ಹೆಸರುಗಳು ಕನ್ನಡದ ಮಕ್ಕಳ ನಾಲಗೆಗೆ ಬಂದುವು.

ಆದರೆ ನಮ್ಮ ಕಾಫಿಯ ಚರಿತ್ರೆಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಭೇದವೊಂದಿತ್ತು. ಅದು ಪುಡಿಯದಲ್ಲ, ಲೋಟದ್ದು. ಮದ್ರಾಸು ಪ್ರಾಂತದ ಕಾಫಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ಉಳಿದವರಿಗೆ ಬೇರೆ ಜಾಗವೆಂಬ ಏರ್ಪಾಡಿತ್ತು. ಅಸ್ಪೃಶ್ಯರೆನಿಸಿಕೊಂಡವರಿಗೆ ಬಾಗಿಲಿನಾಚೆಯ ಬಯಲೇ ಜಾಗ. 1950ರ ಸಂವಿಧಾನ ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು; ಅಲ್ಲಿಯ ಪಾತ್ರೆಗಳನ್ನು ಬಳಸದಂತೆ ತಡೆಯುವುದೂ ಅಪರಾಧವೆಂದು 1955ರ ಕಾಯಿದೆ ಸಾರಿತು. ಆದರೂ ನಾನು ಬಾಲಕನಾಗಿದ್ದಾಗ, ಎಂದರೆ 1980ರ ದಶಕದ ಕೊನೆಯಲ್ಲಿ, ನಮ್ಮ ಕಡೆಯ ಹಳ್ಳಿಯೊಂದರ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಕೆಲವು ಲೋಟಗಳು ಬೇರೆಯಾಗಿ ಕುಳಿತಿದ್ದುದನ್ನು ಕಂಡಿದ್ದೇನೆ. ಕುಡಿದವರೇ ಅವನ್ನು ತೊಳೆದಿಡಬೇಕಾಗಿತ್ತು. ಒಳಗಿನವರು ಕುಡಿದದ್ದೂ ಹೊರಗಿನವರು ಕುಡಿದದ್ದೂ ಒಂದೇ ಪಾತ್ರೆಯ ಕಾಫಿ; ಕೊಟ್ಟ ಕಾಸೂ ಒಂದೇ.

ಈಗ ಕಾಗದದ ಲೋಟಗಳು ಬಂದಿವೆ. ಎಲ್ಲರಿಗೂ ಒಂದೇ ಬಗೆಯ ಲೋಟವೆಂದು ಸಂತೋಷಪಡಬಹುದು. ಆದರೆ ಕುಡಿದು ಬಿಸುಡುವ ಲೋಟ ಸಮಾನವಾಗಿರುವುದು ಸುಲಭ. ಒಬ್ಬರು ಕುಡಿದಿಟ್ಟ ಸ್ಟೀಲಿನ ಲೋಟವನ್ನು ತೊಳೆದು, ಅದರಲ್ಲೇ ಮತ್ತೊಬ್ಬರಿಗೆ ಕಾಫಿ ಕೊಡುವ ಹೋಟೆಲು ಯಾವ ಹಳ್ಳಿಯಲ್ಲಿದೆಯೋ ಅಲ್ಲಿ ಸಂವಿಧಾನ ನಿಜವಾಗಿ ಜಾರಿಗೆ ಬಂದಿದೆಯೆನ್ನಬೇಕು. ಕ್ಯಾಪುಚಿನೊ ಲಾಟೆಗಳ ಅಂತರವನ್ನು ಮಕ್ಕಳು ನಮಗೆ ಕಲಿಸಲಿ. ಈ ಇನ್ನೊಂದು ಅಂತರದ ಕಥೆಯನ್ನು ನಾವು ಅವರಿಗೆ ಹೇಳಬೇಕು.